ಮೊಟ್ಟೆಯೊಳಗಿನ ಮೊದಲ ರಕ್ತ



ಕೋಳಿಯನ್ನು ಕಾವಿಗೆ ಕೂರಿಸಿದ ನಾಲ್ಕೈದು ದಿನಗಳ ಮೇಲೆ ರಾತ್ರಿ ಒಂದು ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿರಿ. ಒಳಗೆ ಜೇಡರ ಬಲೆಯಂತೆ ಕೆಂಪು ಎಳೆಗಳು ಕಾಣುತ್ತವೆ. ತಾಯಿಕೋಳಿಯಿಂದ ಒಂದು ಹನಿ ರಕ್ತವೂ ಮೊಟ್ಟೆಯೊಳಗೆ ಹೋಗಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಈ ಸಲ ನಾವು ಅದನ್ನೇ ತಿಳಿಯೋಣ.

ಕಾವು ಸಿಕ್ಕಿದ ಎರಡನೆಯ ದಿನವೇ ಹಳದಿಯ ಮೇಲೆ ಹರಡಿದ ತೆಳು ಪೊರೆಯಲ್ಲಿ ಜೀವಕಣಗಳು ಸಣ್ಣ ಸಣ್ಣ ಗುಂಪುಗಳಾಗಿ ಕೂಡುತ್ತವೆ. ಇವಕ್ಕೆ ರಕ್ತದ್ವೀಪಗಳೆಂದು ಹೆಸರು. ಗುಂಪಿನ ಹೊರಗಿನ ಕಣಗಳು ರಕ್ತನಾಳದ ಗೋಡೆಯಾಗುತ್ತವೆ, ಒಳಗಿನವು ರಕ್ತಕಣಗಳಾಗುತ್ತವೆ. ದ್ವೀಪಗಳು ಒಂದಕ್ಕೊಂದು ಸೇರಿ ಬಲೆಯಾಗುವಷ್ಟರಲ್ಲಿ ಹೃದಯವೂ ಮಿಡಿಯತೊಡಗುತ್ತದೆ.

ಮನುಷ್ಯರ ಗರ್ಭದಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಮ. ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ, ಎಷ್ಟೋ ತಾಯಂದಿರಿಗೆ ಸಂಗತಿ ತಿಳಿಯುವ ಮೊದಲೇ, ಹಳದಿ ಚೀಲವೆಂಬ ಪುಟ್ಟ ಚೀಲದ ಗೋಡೆಯಲ್ಲಿ ಮೊದಲ ರಕ್ತಕಣಗಳು ಹುಟ್ಟುತ್ತವೆ. ಮುಂದೆ ಶಿಶುವಿನ ಮುಖ್ಯ ರಕ್ತನಾಳದ ಒಳಗೋಡೆಯಿಂದ ಜೀವಮಾನವಿಡೀ ರಕ್ತ ತಯಾರಿಸುವ ಮೂಲಕಣಗಳು ಹೊರಡುತ್ತವೆ. ಸಸಿಮಡಿಯಿಂದ ಕಿತ್ತ ನೇಜಿಯನ್ನು ಗದ್ದೆಯಲ್ಲಿ ನೆಡುವಂತೆ ಇವು ಮೊದಲು ಯಕೃತ್ತಿನಲ್ಲಿ ನೆಲೆಯೂರುತ್ತವೆ. ಕೊನೆಯ ತಿಂಗಳುಗಳಲ್ಲಿ ಈ ಕೆಲಸವನ್ನು ಎಲುಬಿನೊಳಗಿನ ಮಜ್ಜೆ ವಹಿಸಿಕೊಳ್ಳುತ್ತದೆ.

ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಇದೇ ಮೂಲಕಣಗಳ ಮಕ್ಕಳು. ಅವುಗಳಲ್ಲಿ ಕೆಲವು ಎದೆಯಲ್ಲಿರುವ ಥೈಮಸ್ ಗ್ರಂಥಿಗೆ ಹೋಗಿ ಪಾಠ ಕಲಿಯುತ್ತವೆ. ಸ್ವಂತ ದೇಹದ ಮೇಲೆಯೇ ಎರಗುವಂಥವು ಬಹುಪಾಲು ಅಲ್ಲಿಯೇ ನಾಶವಾಗುತ್ತವೆ. ಕೋಳಿಗೆ ಬಾಲದ ಬಳಿ ಬರ್ಸಾ ಎಂಬ ಇನ್ನೊಂದು ಚೀಲವಿದೆ. ಮರಿಯಿದ್ದಾಗಲೇ ಅದನ್ನು ತೆಗೆದರೆ ರೋಗನಿರೋಧಕ ವಸ್ತು ಸರಿಯಾಗಿ ತಯಾರಾಗುವುದಿಲ್ಲವೆಂದು ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು. ವೈದ್ಯರು ಹೇಳುವ 'ಬಿ' ಕಣಗಳ ಹೆಸರು ಬಂದದ್ದು ಈ ಬರ್ಸಾದಿಂದ. ಗಂಬೋರೊ ರೋಗ ಹಾಳುಮಾಡುವುದೂ ಇದನ್ನೇ. ಆದುದರಿಂದಲೇ ಆ ರೋಗ ಬಂದ ಮರಿಗಳಿಗೆ ಬೇರೆ ಲಸಿಕೆಗಳೂ ಸರಿಯಾಗಿ ಹಿಡಿಯುವುದಿಲ್ಲ.

ಹುಟ್ಟಿದ ಮರಿಗೆ ಸ್ವಂತ ಶಕ್ತಿ ಬಲಿಯುವ ತನಕ ತಾಯಿಯ ಬುತ್ತಿ ಬೇಕು. ಕೋಳಿ ಅದನ್ನು ಮೊಟ್ಟೆಯ ಹಳದಿಯಲ್ಲಿ ಕಟ್ಟಿಕೊಡುತ್ತದೆ. ನಮ್ಮ ತಾಯಂದಿರು ಮಾಸಿನ ಮೂಲಕ, ಮುಖ್ಯವಾಗಿ ಕೊನೆಯ ತಿಂಗಳುಗಳಲ್ಲಿ, ಕೊಡುತ್ತಾರೆ. ಹಸುವಿನ ಮಾಸು ಮಾತ್ರ ಇದನ್ನು ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಗಿಣ್ಣದ ಹಾಲೊಂದೇ ಗತಿ. ಕರುವಿನ ಕರುಳು ಈ ವಸ್ತುಗಳನ್ನು ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದೂ ಗಂಟೆಗಂಟೆಗೂ ಕಡಿಮೆಯಾಗುತ್ತ ಹೋಗುತ್ತದೆ.

ಆದುದರಿಂದ ನಾವು ಮಾಡಬೇಕಾದುದು ಇಷ್ಟು:

1. ಕರು ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿರಿ. ಮೊದಲ ದಿನ ಅದರ ತೂಕದ ಹತ್ತರಲ್ಲೊಂದು ಪಾಲಾದರೂ ಹೊಟ್ಟೆಗೆ ಸೇರಲಿ. ಮನೆಯವರ ಗಿಣ್ಣು ಆಮೇಲೆ.

2. ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಬೇಡಿರಿ. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆ ಹಾಲು ಕೊಡಿಸಿರಿ. ಜೇನು, ಸಕ್ಕರೆ ನೀರು ಬೇಡ.

3. ಗರ್ಭದ ಶಿಶು ತನ್ನ ರಕ್ತವನ್ನು ತಾನೇ ಮಾಡಿಕೊಳ್ಳುತ್ತದೆ, ಕಬ್ಬಿಣವನ್ನು ಮಾತ್ರ ತಾಯಿಯಿಂದ ಪಡೆಯುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ನಾಲ್ಕನೆಯ ತಿಂಗಳಿನಿಂದ 180 ದಿನ ತಪ್ಪದೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿರಿ. ಮಾತ್ರೆಯ ಜೊತೆ ಚಹಾ, ಕಾಫಿ ಬೇಡ. ಲಿಂಬೆ ಹಣ್ಣಿನ ಪಾನಕ ಒಳ್ಳೆಯದು.

ಗಂಡಸರಿಗೆ ಒಂದು ಮಾತು. ಕರುವಿನ ಗಿಣ್ಣದ ಹಾಲಿಗೆ ತೋರುವ ಕಾಳಜಿಯನ್ನು ಹೆಂಡತಿಯ ಮಾತ್ರೆಗೂ ತೋರಿರಿ. ತಾಯಿಯ ಗರ್ಭದಲ್ಲಿ ನಮ್ಮನ್ನು ರೂಪಿಸಿದ ದೇವರನ್ನು 139ನೆಯ ಕೀರ್ತನೆಯಲ್ಲಿ ಸ್ತುತಿಸುವಾಗ, ಮೊಟ್ಟೆಯೊಳಗಿನ ಆ ಕೆಂಪು ಎಳೆಗಳನ್ನು ನೆನೆಯೋಣ. ಅವನ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು ನಮ್ಮ ಪಾಲಿನ ಕೆಲಸ.