ಪಾಸ್‌ಬುಕ್ಕಿನಲ್ಲಿ ಅಜ್ಜನ ಹೆಸರು

2024ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು, ದೊಡ್ಡ ಮೊಮ್ಮಗಳ ಖಾತೆಯಿಂದ ನನ್ನ ಹೆಸರು ತೆಗೆಯಿರಿ ಎಂಬ ಅರ್ಜಿಗೆ ನಾನೇ ಸಹಿ ಹಾಕಿದೆ. ಪಕ್ಕದಲ್ಲಿ ಮಗ ತನ್ನ ಆಧಾರ್ ಪ್ರತಿ ಹಿಡಿದು ನಿಂತಿದ್ದ. ಹೊರಗೆ ಬಂದು ಕಟಿಂಗ್ ಚಹಾ ಕುಡಿಯುವಾಗ, "ಅಪ್ಪಾ, ರೊಕ್ಕಕ್ಕ ಏನೂ ಆಗಿಲ್ಲಲ್ರಿ, ಮಾರಿ ಯಾಕ ಸಣ್ಣ ಮಾಡೀರಿ?" ಅಂದ.

ರೊಕ್ಕಕ್ಕೆ ಏನೂ ಆಗಿರಲಿಲ್ಲ, ಖರೆ. ಆದರೆ 1978ರಲ್ಲಿ ಧಾರವಾಡದಿಂದ ಪುಣೆಗೆ ಬಂದು, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಮಂದಿಯ ಲೆಕ್ಕ ಬರೆದು ನಿವೃತ್ತನಾದವನು ನಾನು. ಇಷ್ಟು ವರ್ಷಗಳಲ್ಲಿ ತೆರೆದು ನೋಡಿದಾಗಲೆಲ್ಲ ಮನಸ್ಸು ಹಗುರಾಗುತ್ತಿದ್ದ ಪಾಸ್‌ಬುಕ್ಕು ಅದೊಂದೇ. ಮೇಲಿನ ಸಾಲಿನಲ್ಲಿ ಅವಳ ಹೆಸರು, ಕೆಳಗೆ 'ಪೋಷಕರು' ಎಂಬಲ್ಲಿ ನನ್ನ ಹೆಸರು. ಅದಕ್ಕೆ ಈಗ ಅಡ್ಡಗೆರೆ ಬಿದ್ದಿತ್ತು.

ತಪ್ಪು ನನ್ನದೇ. ಅವಳು ಹುಟ್ಟಿದ್ದು 2014ರಲ್ಲಿ. ಮರುವರ್ಷದ ಜನವರಿಯಲ್ಲಿ ಸುಕನ್ಯಾ ಸಮೃದ್ಧಿ ಯೋಜನೆ ಬಂತು. ಆಗ ಬಡ್ಡಿ ಶೇಕಡಾ 9ಕ್ಕೂ ಮೇಲೆ, ಬರುವ ಬಡ್ಡಿಗೆ ತೆರಿಗೆಯೂ ಇಲ್ಲ. ನಿವೃತ್ತಿಯ ಮೇಲೆ ಮೊದಲ ಮೊಮ್ಮಗಳು ಬೇರೆ; ಜನನ ಪ್ರಮಾಣಪತ್ರ ಕಂಕುಳಲ್ಲಿ ಇಟ್ಟುಕೊಂಡು ಓಡಿದೆ. ಖಾತೆಯನ್ನು ಅಪ್ಪ, ಅಮ್ಮ ಅಥವಾ ಕಾನೂನು ಪ್ರಕಾರದ ಪೋಷಕರು ಮಾತ್ರ ತೆರೆಯಬೇಕು ಎಂಬ ಸಾಲನ್ನು ಓದುವ ವ್ಯವಧಾನ ಇರಲಿಲ್ಲ. ನಾನು ಸಹಿ ಹಾಕಿದೆ, ಅವರು ತೆಗೆದುಕೊಂಡರು. ದೇಶದ ತುಂಬ ನನ್ನಂಥ ಅವಸರದ ಅಜ್ಜ–ಅಜ್ಜಿಯರು ಇದ್ದರೆಂದು ಕಾಣುತ್ತದೆ. 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಇಂಥ ಖಾತೆಗಳಿಗಾಗಿಯೇ ಸೂಚನೆ ಹೊರಡಿಸಿತು: ಅಕ್ಟೋಬರ್ 1ರಿಂದ ಅಜ್ಜ–ಅಜ್ಜಿ ತೆರೆದ ಸುಕನ್ಯಾ ಖಾತೆಗಳ ಪೋಷಕತ್ವವನ್ನು ತಂದೆ ಅಥವಾ ತಾಯಿಗೆ ವರ್ಗಾಯಿಸಬೇಕು.

ನಿಮ್ಮಲ್ಲೂ ಅಂಥ ಪಾಸ್‌ಬುಕ್ಕು ಕಪಾಟಿನಲ್ಲಿದ್ದರೆ ಇಂದೇ ತೆಗೆದು ನೋಡಿ. ಹಳೆಯ ಪಾಸ್‌ಬುಕ್ಕು, ಮಗುವಿನ ಜನನ ಪ್ರಮಾಣಪತ್ರ, ತಂದೆ ಅಥವಾ ತಾಯಿಯ ಗುರುತಿನ ಪತ್ರ, ಒಂದು ಅರ್ಜಿ, ನಮಗೆ ಬೇಕಾದದ್ದು ಇಷ್ಟೇ. ಆಸೆ ಬಿಡುವುದಕ್ಕೆ ಮಾತ್ರ ಅರ್ಜಿಯ ನಮೂನೆ ಇಲ್ಲ.

*

ಪುಣೆಯ ನಮ್ಮ ನೆರೆಯವರು ಮೊಮ್ಮಕ್ಕಳನ್ನು 'ದುಧಾವರಚೀ ಸಾಯ್' ಅನ್ನುತ್ತಾರೆ, ಹಾಲಿನ ಮೇಲಿನ ಕೆನೆ. ನಾವು ಲೆಕ್ಕದ ಮಂದಿ ಅಸಲಿಗಿಂತ ಬಡ್ಡಿ ಪ್ರೀತಿ ಅನ್ನುತ್ತೇವೆ. ನನ್ನ ಅಸಲು ಮೂರು: ಕೋಥರೂಡಿನಲ್ಲಿ ನಮ್ಮ ಜೊತೆಗೇ ಇರುವ ದೊಡ್ಡ ಮಗ, ಹುಬ್ಬಳ್ಳಿಗೆ ಕೊಟ್ಟ ಮಗಳು, ಬೆಂಗಳೂರಿನ ಸಣ್ಣ ಮಗ. ಬಡ್ಡಿ ಐದು: 2014ರ ದೊಡ್ಡಾಕಿ, 2018ರಲ್ಲಿ ಅವಳ ತಮ್ಮ, 2021ರಲ್ಲಿ ಹುಬ್ಬಳ್ಳಿಯ ಅವಳಿ ಹೆಣ್ಣುಮಕ್ಕಳು, 2024ರಲ್ಲಿ ಬೆಂಗಳೂರಿನ ಗಂಡು ಕೂಸು.

ಬೇಸಿಗೆ ರಜೆಯಲ್ಲಿ ಐವರೂ ಕೂಡಿದರೆ ನಮ್ಮ ಎರಡು ಕೋಣೆಯ ಮನೆ ಸಂತೆ. ಹುಬ್ಬಳ್ಳಿಯಿಂದ ಪುಣೆಗೆ 2024ರ ಸೆಪ್ಟೆಂಬರಿನಲ್ಲಿ ವಂದೇ ಭಾರತ್ ಶುರುವಾದ ಮೇಲೆ ಅವಳಿಗಳ ಸವಾರಿ ಹೆಚ್ಚಾಗಿದೆ. ಐದು ತುಂಬದ ಮಕ್ಕಳಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ ಇಲ್ಲ. ಹಾಗಾಗಿ ಮಗಳ ತೊಡೆಯ ಮೇಲೊಂದು, ಅಳಿಯಂದಿರ ತೊಡೆಯ ಮೇಲೊಂದು. ಸಂಜೆ ಎಲ್ಲರನ್ನೂ ಪೇಶವೆ ಪಾರ್ಕಿಗೆ ಕರೆದೊಯ್ದು ಫುಲರಾಣಿ ರೈಲಿನಲ್ಲಿ ಕೂರಿಸುತ್ತೇನೆ. 1956ರಿಂದ ಪುಣೆಯ ಮಕ್ಕಳನ್ನು ಹೊತ್ತು ಸುತ್ತುತ್ತಿರುವ ಪುಟ್ಟ ಗಾಡಿ ಅದು. ನನ್ನ ಮಕ್ಕಳೂ ಅದರಲ್ಲಿ ಕೂತವರೇ. ಆಗ ನಾನು ಕೆಳಗೆ ನಿಂತು ಗಡಿಯಾರ ನೋಡುತ್ತಿದ್ದೆ, ಸೆಕೆಂಡ್ ಶಿಫ್ಟಿನ ಬಸ್ಸು ತಪ್ಪೀತೆಂದು. ಈಗ ನಾನೂ ಮೊಣಕಾಲು ಮಡಚಿ ಒಳಗೆ ಕೂರುತ್ತೇನೆ.

ಸಂತೋಷ ಹೀಗೆ ಹೆಚ್ಚುತ್ತಾ ಹೋಗುತ್ತದೆ. ತೊಂದರೆ ಏನೆಂದರೆ ಪಿಂಚಣಿದಾರನ ದುಡ್ಡು ಹಾಗೆ ಹೆಚ್ಚುವುದಿಲ್ಲ. ಮೊಮ್ಮಗು ಒಂದೇ ಇದ್ದಾಗ ಅಜ್ಜನಷ್ಟು ಧಾರಾಳಿ ಯಾರೂ ಇಲ್ಲ. ಎರಡನೆಯದು ಬಂದಾಗ ಅಜ್ಜಿಯಿಂದ 'ಇಬ್ರಿಗೂ ಸಮ ಇರ್ಲಿ' ಎಂಬ ಆಜ್ಞೆ ಬರುತ್ತದೆ. ಸಮ ಅಂದರೆ ಏನು ಎಂಬ ಪ್ರಶ್ನೆ ಏಳುವುದು ಮೂರನೆಯದರ ಹೊತ್ತಿಗೆ.

ನಮ್ಮಲ್ಲಿ ಅದು ಎದ್ದದ್ದು ಬಂಗಾರದಲ್ಲಿ. ದೊಡ್ಡಾಕಿಯ ತೊಟ್ಟಿಲಿಗೆ ಲಕ್ಷ್ಮೀ ರೋಡಿನಲ್ಲಿ ಹತ್ತು ಗ್ರಾಂ ಸರ ತಂದೆ. ಆಗಿನ ಬೆಲೆ 28 ಸಾವಿರದ ಆಸುಪಾಸು. ತಮ್ಮನಿಗೂ ಹತ್ತು ಗ್ರಾಂ, 31 ಸಾವಿರ. ಅವಳಿಗಳು ಬಂದಾಗ ಹತ್ತು ಗ್ರಾಂ 48 ಸಾವಿರ ಮುಟ್ಟಿತ್ತು, ಅದೂ ಎರಡರಷ್ಟು ಬೇಕು. ಕೊಟ್ಟೆ. ಐದನೆಯವನು ಬಂದಾಗ ಬೆಲೆ ಎಪ್ಪತ್ತು ಸಾವಿರ ದಾಟಿತ್ತು. ನಾನು ರೂಪಾಯಿ ಲೆಕ್ಕದಲ್ಲಿ ಸಮ ಮಾಡೋಣ, ನಾಲ್ಕು ಗ್ರಾಂ ಸಾಕು ಅಂದೆ. ನಮ್ಮಾಕಿ ಗ್ರಾಂ ಲೆಕ್ಕದಲ್ಲೇ ಸಮ ಅಂದಳು. "ಸೊಸಿ ಏನ್ ಅನ್ಕೋತಾಳ್ರೀ? ರೇಟ್ ಏರಿದ್ದು ಕೂಸಿನ ತಪ್ಪೇನು?" ಈ ಮಾತಿಗೆ ಮೂವತ್ನಾಲ್ಕು ವರ್ಷದ ಲೆಕ್ಕಪತ್ರದಲ್ಲಿ ಉತ್ತರ ಇರಲಿಲ್ಲ. ಹತ್ತು ಗ್ರಾಮೇ ಆಯಿತು. 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿದಾಗ ಮಾತ್ರ ಇಬ್ಬರೂ ಒಂದೇ ಮಾತಿಗೆ ಬಂದೆವು: ಇನ್ನು ಬಂಗಾರ ಇಲ್ಲ.

*

ಇದರ ನಡುವೆ, 2024ರ ಮಾರ್ಚಿನಲ್ಲಿ, ಇನ್ಫೋಸಿಸ್ ನಾರಾಯಣ ಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಶೇರು ಕೊಟ್ಟ ಸುದ್ದಿ ಬಂತು. ಅಂದಿನ ಬೆಲೆ 240 ಕೋಟಿ ರೂಪಾಯಿಗೂ ಹೆಚ್ಚು. ನಮ್ಮಾಕಿ ಪೇಪರು ಮಡಚಿ ನನ್ನ ಮುಂದಿಟ್ಟು, "ಅವರ ಹೆಂಡ್ತಿ ಸುಧಾ ಮೂರ್ತಿ ನಮ್ಮ ಹುಬ್ಬಳ್ಯಾಗ ಓದಿದಾಕಿ. ಇದ ಪುಣಾದಾಗ ಟೆಲ್ಕೋದಾಗಿದ್ದಾಕಿ. ನೀವೂ ಇಲ್ಲೇ ಇದ್ರಿ" ಅಂದಳು. ಅದಕ್ಕೂ ಉತ್ತರವಿಲ್ಲ. 1981ರಲ್ಲಿ ಆ ಕಂಪನಿ ಹುಟ್ಟಿದ್ದು ಇದೇ ಪುಣೆಯಲ್ಲಿ, ಸುಧಾ ಅವರು ಕೂಡಿಟ್ಟಿದ್ದ ಹತ್ತು ಸಾವಿರ ರೂಪಾಯಿಯಿಂದ. 1993ರಲ್ಲಿ ಶೇರನ್ನು 95 ರೂಪಾಯಿಗೆ ಸಾರ್ವಜನಿಕರಿಗೆ ಕೊಟ್ಟಾಗ ಅರ್ಜಿಯ ನಮೂನೆ ನಮ್ಮ ಕ್ಯಾಂಟೀನಿನ ಮೇಜಿನ ಮೇಲೂ ಬಿದ್ದಿತ್ತು. ನಾನು ಅದರ ಬೆನ್ನಿಗೆ ಕಿರಾಣಿ ಪಟ್ಟಿ ಬರೆದೆ.

ಆದರೆ ಆ ಸುದ್ದಿಯಲ್ಲಿ ಬಡ ಅಜ್ಜನಿಗೂ ಬೇಕಾದ ಒಂದು ಪಾಠವಿದೆ. ಅಜ್ಜ ಮೊಮ್ಮಗುವಿಗೆ ಕೊಟ್ಟ ಉಡುಗೊರೆಗೆ, ಹತ್ತು ಸಾವಿರವಿರಲಿ ಹತ್ತು ಕೋಟಿಯಿರಲಿ, ತೆರಿಗೆ ಇಲ್ಲ. ಆದಾಯ ತೆರಿಗೆ ಕಾಯ್ದೆಯ 'ಸಂಬಂಧಿಕರು' ಪಟ್ಟಿಯಲ್ಲಿ ನಾವಿದ್ದೇವೆ. ಆದರೆ ಆ ಉಡುಗೊರೆ ಮುಂದೆ ಗಳಿಸುವ ಬಡ್ಡಿ ಅಥವಾ ಲಾಭಾಂಶ, ಮಗುವಿಗೆ ಹದಿನೆಂಟು ತುಂಬುವವರೆಗೆ, ಅಪ್ಪ–ಅಮ್ಮರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ.

ಇದನ್ನು ನಾನು ಕಲಿತದ್ದು ಓದಿ ಅಲ್ಲ, ಬೈಸಿಕೊಂಡು. ಸುಕನ್ಯಾ ಹೆಣ್ಣುಮಕ್ಕಳಿಗಷ್ಟೇ ಆದ್ದರಿಂದ 2018ರಲ್ಲಿ ಮೊಮ್ಮಗನ ಹೆಸರಿನಲ್ಲಿ ಎರಡು ಲಕ್ಷ ಎಫ್‌ಡಿ ಇಟ್ಟೆ. ಶೇಕಡಾ 7ರಂತೆ ವರ್ಷಕ್ಕೆ 14,000 ಬಡ್ಡಿ. ಮಗ ಶೇಕಡಾ 30ರ ಸಾಲಿನವ. ಮರುವರ್ಷ ರಿಟರ್ನ್ಸ್ ತುಂಬುವಾಗ ಸುಮಾರು 4,000 ರೂಪಾಯಿ ಅವನ ತಲೆಗೆ ಬಂತು. "ಅಪ್ಪಾ, ಉಡುಗೊರಿ ನಿಮ್ದು, ಬಿಲ್ ನಂದು" ಅಂದ. ಅದೇ ಹಣ ನನ್ನ ಹೆಸರಿನಲ್ಲೇ ಇದ್ದಿದ್ದರೆ ನನ್ನ ಅಲ್ಪ ಆದಾಯಕ್ಕೆ ಅಷ್ಟು ತೆರಿಗೆ ಬೀಳುತ್ತಿರಲಿಲ್ಲ. ಹಿರಿಯ ನಾಗರಿಕನೆಂದು ಬ್ಯಾಂಕು ಅರ್ಧ ಶೇಕಡಾ ಬಡ್ಡಿ ಹೆಚ್ಚಿಗೇ ಕೊಡುತ್ತಿತ್ತು. ಹೆಸರು ಹಾಕುವ ಚಪಲಕ್ಕೆ ತೆತ್ತ ದಂಡ ಅದು. ಒಂದು ಖಾತೆಯಲ್ಲಿ ನನ್ನ ಹೆಸರು ಇರಬಾರದಾಗಿತ್ತು, ಇನ್ನೊಂದರಲ್ಲಿ ಇರಬೇಕಾಗಿತ್ತು.

*

ಈಗ ನಮ್ಮ ಮನೆಯ ಪದ್ಧತಿ ಬೇರೆ. ಕಪಾಟಿನಲ್ಲಿ ಒಂದು ಕೆಂಪು ಬಟ್ಟೆಯ ರಟ್ಟಿನ ವಹಿ ಇದೆ, ಮೊಮ್ಮಕ್ಕಳಿಗೆ ತಲಾ ಒಂದು ಪುಟ. 2023ರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇಟ್ಟಿದ್ದೇನೆ. ಶೇಕಡಾ 8.2ರಂತೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಅದರಲ್ಲಿ 6,000 ಮೊಮ್ಮಕ್ಕಳದು. ಐವರಿಗೆ ತಲಾ 1,200. ಉಳಿದದ್ದು ನಮ್ಮಿಬ್ಬರ ಔಷಧಿ, ವಿಮೆ, ಸಂಸಾರಕ್ಕೆ. ಅದನ್ನು ಮೊಮ್ಮಕ್ಕಳಿಗೆಂದು ಮುಟ್ಟುವುದಿಲ್ಲ. ಎಪ್ಪತ್ತು ದಾಟಿದವರಿಗೆಲ್ಲ ಆದಾಯ ನೋಡದೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಕಾರ್ಡ್ 2024ರ ಅಕ್ಟೋಬರಿನಿಂದ ಸಿಗುತ್ತಿದೆ, ಅದನ್ನೂ ಮಾಡಿಸಿಟ್ಟಿದ್ದೇನೆ. ನಾನು ಆಸ್ಪತ್ರೆ ಸೇರಿ ಮಗನ ಉಳಿತಾಯ ಕರಗಿದರೆ, ಕರಗುವುದು ಮೊಮ್ಮಕ್ಕಳ ಕಾಲೇಜಿನ ದುಡ್ಡೇ.

1,200 ರೂಪಾಯಿಯನ್ನು ನಾನು ಎಲ್ಲಿಯೂ ಜಮಾ ಮಾಡುವುದಿಲ್ಲ. ಅವರವರ ಅಪ್ಪ–ಅಮ್ಮನಿಗೆ ಕಳಿಸುತ್ತೇನೆ. ಹೆಣ್ಣುಮಕ್ಕಳದು ಸುಕನ್ಯಾ ಖಾತೆಗೆ ಹೋಗುತ್ತದೆ. ಒಂದು ಮನೆಗೆ ಎರಡು ಖಾತೆ ಸಲ್ಲುತ್ತದೆ, ಹಾಗಾಗಿ ಅವಳಿಗಳಿಗೂ ಆಯಿತು. ಗಂಡುಹುಡುಗರದು ಅವರ ಅಪ್ಪಂದಿರು ತೆರೆದ ಪಿಪಿಎಫ್‌ಗೆ. ಅಪ್ಪನ ಖಾತೆ, ಮಗನ ಖಾತೆ ಎರಡೂ ಕೂಡಿ ವರ್ಷಕ್ಕೆ ಒಂದೂವರೆ ಲಕ್ಷ ಮೀರುವಂತಿಲ್ಲ, ಅಷ್ಟು ನೆನಪಿದ್ದರೆ ಸಾಕು.

ಸಮಪಾಲಿನ ಪ್ರಶ್ನೆಗೂ ವಹಿಯಲ್ಲೇ ಉತ್ತರ ಸಿಕ್ಕಿತು. ವರ್ಷಕ್ಕೆ ನಾಲ್ಕರಂತೆ ಹದಿನೆಂಟು ವರ್ಷಕ್ಕೆ 72 ಕಂತು. ಪ್ರತಿ ಪುಟಕ್ಕೂ 72 ಸಾಲು ಗೆರೆ ಹೊಡೆದಿದ್ದೇನೆ. ದೊಡ್ಡಾಕಿಗೆ ಮೊದಲು ಕೊಟ್ಟದ್ದನ್ನೂ ಕಂತಿಗೆ ಹೊಂದಿಸಿ ಬರೆದೆ. ಅವಳ ಪುಟ ಮುಗಿಯುವಾಗ ನನಗೆ 78, ಬಹುಶಃ ನಾನೇ ಬರೆದು ಮುಗಿಸಿಯೇನು. ಬೆಂಗಳೂರಿನ ಕೂಸಿನ ಪುಟ ಮುಗಿಯುವುದು 2042ರಲ್ಲಿ, ನನಗೆ 88 ತುಂಬುವ ವರ್ಷ. ಅಷ್ಟು ದೂರಕ್ಕೆ ಪೆನ್ನು ಹಿಡಿಯುತ್ತೇನೆಂಬ ಭರವಸೆ ನನಗಿಲ್ಲ. ಮೊದಲ ಮೊಮ್ಮಗುವಿಗೆ ಅರವತ್ತರ ಅಜ್ಜ ಸಿಕ್ಕಿದ, ಓಡಿ ಸೈಕಲ್ ಕಲಿಸಿದ. ಐದನೆಯದಕ್ಕೆ ಸಿಕ್ಕಿದ್ದು ಎಪ್ಪತ್ತರವನು, ಎತ್ತಿಕೊಳ್ಳುವ ಮೊದಲು ಸೊಂಟವನ್ನು ಕೇಳುತ್ತಾನೆ. ಅದನ್ನು ಯಾವ ಕಂತಿನಿಂದಲೂ ಸಮ ಮಾಡಲಾಗದು. ಕಂತುಗಳನ್ನಾದರೂ ಸಮ ಮಾಡಬಹುದು.

ಅದಕ್ಕೆ ಉಯಿಲು ಬರೆದೆ. ಫುಲರಾಣಿ ಓಡಲು ಶುರುವಾದ 1956ರಲ್ಲೇ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದೆ ನಾನು ತೀರಿಕೊಂಡರೆ ನನ್ನ ಸ್ವಂತ ಗಳಿಕೆ ಹೆಂಡತಿಗೂ ಮೂವರು ಮಕ್ಕಳಿಗೂ ಸಮನಾಗಿ ಹೋಗುತ್ತದೆ. ಮಕ್ಕಳು ಬದುಕಿರುವಾಗ ಮೊಮ್ಮಕ್ಕಳಿಗೆ ನೇರ ಪಾಲಿಲ್ಲ. ನಾಮಿನಿ ಮಾಡಿದರೆ ಆಯಿತಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಆಗುವುದಿಲ್ಲ. ನಾಮಿನಿ ಹಣ ಪಡೆದುಕೊಳ್ಳುವವನು, ಒಡೆಯನಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ನಡೆಯುತ್ತದೆ. ಸಹಿಗೆ ಇಬ್ಬರು ಸಾಕ್ಷಿಗಳು ಬೇಕು, ಪಾಲು ಪಡೆಯುವವರಲ್ಲದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ನಾನು ಮಾಡಿಸಿದೆ. ಅದರಲ್ಲಿ ಒಂದೇ ಒಂದು ವಿಶೇಷ ಕಲಮು: ವಹಿಯಲ್ಲಿ ಖಾಲಿ ಉಳಿದ ಸಾಲುಗಳ ಕಂತುಗಳನ್ನು ಮೊದಲು ತುಂಬಿ, ಆಮೇಲೆ ಉಳಿದದ್ದನ್ನು ಹಂಚಿಕೊಳ್ಳಿ.

*

ಮೊನ್ನೆ ಬೆಂಗಳೂರಿನಿಂದ ಸಣ್ಣ ಮಗ ಫೋನು ಮಾಡಿದ. ಮೊದಲು ತಾಯಿಗೆ ಹೇಳಿದ, ಅವಳು ಅಡುಗೆಮನೆಯಿಂದಲೇ ಕೂಗಿದಳು: ಆರನೆಯದು ಬರುತ್ತಿದೆ. ನಾನು ಮಾಡಿದ ಮೊದಲ ಕೆಲಸ, ನಗಬೇಡಿ, ವಹಿ ತೆಗೆದು ಹೊಸ ಪುಟಕ್ಕೆ ಗೆರೆ ಹೊಡೆದದ್ದು. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ದೊಡ್ಡಾಕಿ ಬಗ್ಗಿ ನೋಡಿದಳು. ಹತ್ತು ತುಂಬಿದ ಮೇಲೆ ಅವಳದೇ ಸಹಿಯ ಉಳಿತಾಯ ಖಾತೆ ಬ್ಯಾಂಕಿನಲ್ಲಿದೆ, ಹಾಗಾಗಿ ಈಚೆಗೆ ಲೆಕ್ಕ ಚುರುಕು.

"ಅಜ್ಜಾ, ಆರು ಸಾವಿರ ಭಾಗಿಲೆ ಆರು ಅಂದ್ರ ಒಂದು ಸಾವಿರ. ನಂದು ಇನ್ನೂರು ಹೋತು!"

"ಹೋತು."

"ಮೂರು ತಿಂಗಳಿಗೊಮ್ಮೆ ಹೋಗ್ತದನು?"

"ಹೂಂ."

ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿದಳು. "ಹಂಗಾದ್ರ ಪಾಪುಗೆ ಹೆಸರು ನಾನ ಇಡ್ತೀನಿ."

ಎಂಟುನೂರು ರೂಪಾಯಿ ವರ್ಷಕ್ಕೆ, ಸೋವಿ ಅನ್ನಿಸಿತು. ಹೂಂ ಅಂದೆ. ಅವಳು ಬಿಡಲಿಲ್ಲ, ಹೊಸ ಪುಟದ ತಲೆಬರಹದ ಜಾಗದಲ್ಲಿ ಒಪ್ಪಂದ ಬರೆದು ನನ್ನಿಂದ ಸಹಿ ಹಾಕಿಸಿಕೊಂಡಳು.

ರಾತ್ರಿ ಹುಬ್ಬಳ್ಳಿಯ ಮಗಳಿಗೆ ಸುದ್ದಿ ಹೇಳುವಾಗ ನೆನಪಾಯಿತು. ನಮ್ಮಲ್ಲಿ ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅವಳದೇ. ನನಗೆ ಅಧಿಕಾರವಿಲ್ಲದ ಕಾಗದಕ್ಕೆ ನಾನು ಮತ್ತೊಮ್ಮೆ ಸಹಿ ಹಾಕಿದ್ದೆ.