ಬೀಗವಿಲ್ಲದ ಮನೆ

ಮಕ್ಕಳೇ, ಹೊಲಕ್ಕೆ ಹೋದಾಗ ಒಮ್ಮೆಲೇ ಜೋರಾಗಿ ಮಳೆ ಬಂದರೆ ನೀವು ಏನು ಮಾಡುತ್ತೀರಿ? ಹೊಲದಲ್ಲಿಯ ಗುಡಿಸಲಿಗೆ ಓಡುತ್ತೀರಿ. ಗುಡಿಸಲು ಎಷ್ಟೇ ಚಿಕ್ಕದಿದ್ದರೂ ಆ ಹೊತ್ತಿಗೆ ಅದೇ ಅರಮನೆ. ಹೌದಲ್ಲವೇ? ಆದರೆ ಊರೂ ಇಲ್ಲದ, ಮರವೂ ಇಲ್ಲದ ಹಿಮದ ಬೆಟ್ಟದ ಮೇಲೆ ಸಿಕ್ಕಿಕೊಂಡವರು ಎಲ್ಲಿಗೆ ಓಡಬೇಕು? ಅಂಥವರಿಗಾಗಿಯೇ ಕಟ್ಟಿದ ಪುಟ್ಟ ಮನೆಗಳಿವೆ. ಅವುಗಳನ್ನು ಆಸರೆಮನೆಗಳೆಂದು ಕರೆಯೋಣ.

ಯುರೋಪ್ ಖಂಡದಲ್ಲಿ ಆಲ್ಪ್ಸ್ ಎಂಬ ದೊಡ್ಡ ಪರ್ವತಸಾಲು ಇದೆ. ಅದು ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಸ್ಲೊವೇನಿಯಾ ಮೊದಲಾದ ದೇಶಗಳಲ್ಲಿ ಹರಡಿದೆ. ಅದರ ಎತ್ತರದ ಶಿಖರಗಳು ವರ್ಷವಿಡೀ ಹಿಮದಿಂದ ಮುಚ್ಚಿರುತ್ತವೆ. ಅವುಗಳ ಚೆಲುವನ್ನು ನೋಡಲು, ಶಿಖರಗಳನ್ನು ಏರಲು ಅನೇಕರು ಹೋಗುತ್ತಾರೆ. ಆದರೆ ಅಲ್ಲಿಯ ಹವೆಯನ್ನು ನಂಬುವಂತಿಲ್ಲ. ಬೆಳಿಗ್ಗೆ ಬಿಸಿಲು ಇದ್ದರೂ ಮಧ್ಯಾಹ್ನ ಮಂಜು ಮುಸುಕಬಹುದು, ಹಿಮಗಾಳಿ ಬೀಸಬಹುದು. ಸಾವಿರ ಮೀಟರ್ ಮೇಲೆ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿಯಷ್ಟು ಇಳಿಯುತ್ತದೆ. ಒದ್ದೆ ಬಟ್ಟೆ, ಚಳಿ, ಗಾಳಿ ಮೂರೂ ಸೇರಿದರೆ ಮೈಯ ಶಾಖ ಬೇಗ ಕಡಿಮೆಯಾಗಿ ಪ್ರಾಣಕ್ಕೆ ಅಪಾಯವಾಗುತ್ತದೆ. ಆಗ ನಾಲ್ಕು ಗೋಡೆ, ಒಂದು ಮಾಡು ಸಿಕ್ಕರೆ ಜೀವ ಉಳಿಯುತ್ತದೆ.

ಸ್ವಿಟ್ಜರ್ಲೆಂಡ್ ಮತ್ತು ಇಟಲಿ ದೇಶಗಳ ಗಡಿಯಲ್ಲಿ ಮ್ಯಾಟರ್‌ಹಾರ್ನ್ ಎಂಬ ಶಿಖರವಿದೆ. ಅದರ ಎತ್ತರ 4478 ಮೀಟರ್. ಈ ಶಿಖರದ ಕಡಿದಾದ ಏಣಿನ ಮೇಲೆ, 4003 ಮೀಟರ್ ಎತ್ತರದಲ್ಲಿ ಒಂದು ಮರದ ಮನೆ ಇದೆ. ನಮ್ಮ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1646 ಮೀಟರ್ ಇದೆ. ಅದರ ಎರಡು ಪಟ್ಟಿಗಿಂತಲೂ ಎತ್ತರದಲ್ಲಿದೆ ಆ ಮನೆ! ಅರ್ನೆಸ್ಟ್ ಸೋಲ್ವೆ ಎಂಬ ಬೆಲ್ಜಿಯಂ ದೇಶದ ಉದ್ಯಮಿ ಅದಕ್ಕೆ ಹಣ ಕೊಟ್ಟರು. ಆದ್ದರಿಂದ ಅದಕ್ಕೆ ಸೋಲ್ವೆ ಮನೆ ಎಂದೇ ಹೆಸರು. 1915ರಲ್ಲಿ ಕೇವಲ ಐದು ದಿನಗಳಲ್ಲಿ ಅದನ್ನು ನಿಲ್ಲಿಸಿದರು. ಅದರಲ್ಲಿ ಹತ್ತು ಜನರಿಗೆ ಮಲಗಲು ಸ್ಥಳವಿದೆ. ಆದರೆ ಅದು ಪ್ರವಾಸಿಗರ ವಸತಿಗೃಹವಲ್ಲ. ಆಪತ್ತಿನಲ್ಲಿ ಸಿಕ್ಕವರು ಮಾತ್ರ ಅಲ್ಲಿ ತಂಗಬೇಕು.

ಈಗ ಇಂಥ ಮನೆಯನ್ನು ನೀವೇ ಕಟ್ಟಬೇಕಾಗಿದೆ ಎಂದು ತಿಳಿಯಿರಿ. ಏನೇನು ವಿಚಾರ ಮಾಡುವಿರಿ?

ಮೊದಲು ಸ್ಥಳ. ಹಿಮದ ರಾಶಿ ಜಾರಿ ಬರುವ ದಾರಿಯಲ್ಲಿ, ಕಲ್ಲು ಉರುಳುವ ಕಡೆಯಲ್ಲಿ ಮನೆ ಇರಬಾರದು.

ಎರಡನೆಯದು ಭಾರ. ಬೆಟ್ಟದ ಮೇಲೆ ರಸ್ತೆ ಇಲ್ಲ, ಲಾರಿ ಹೋಗುವುದಿಲ್ಲ. ಹಿಂದೆ ಸಾಮಾನುಗಳನ್ನು ಜನರು ಬೆನ್ನ ಮೇಲೆ, ಹೇಸರಗತ್ತೆಗಳ ಮೇಲೆ ಹೊರುತ್ತಿದ್ದರು. ಈಗ ಹೆಲಿಕಾಪ್ಟರ್ ಇದೆ. ಆದರೂ ಅದು ಹೊರುವ ಭಾರಕ್ಕೆ ಮಿತಿಯುಂಟು. ಆದ್ದರಿಂದ ಮನೆಯ ಭಾಗಗಳನ್ನು ಕೆಳಗೆ ತಯಾರಿಸಿ, ಮೇಲೆ ಒಯ್ದು ಜೋಡಿಸುತ್ತಾರೆ.

ಮೂರನೆಯದು ಗಾಳಿ ಮತ್ತು ಹಿಮ. ಹಗುರವಾದ ಮನೆಯನ್ನು ಬಿರುಗಾಳಿ ಹಾರಿಸದಂತೆ ಬಂಡೆಗೆ ಭದ್ರವಾಗಿ ಬಿಗಿಯಬೇಕು. ಹಿಮ ಹತ್ತಿಯಂತೆ ಕಂಡರೂ ರಾಶಿ ಬಿದ್ದರೆ ಬಹಳ ಭಾರ. ಅದು ಜಾರಿ ಬೀಳಲು ಮಾಡು ಇಳಿಜಾರಾಗಿರಬೇಕು. ಬಾಗಿಲು ಹೊರಗೆ ತೆರೆಯುವಂತಿದ್ದರೆ, ಹೊಸ್ತಿಲ ಮುಂದೆ ಹಿಮ ಬಿದ್ದಾಗ ಒಳಗಿದ್ದವರಿಗೆ ಅದನ್ನು ನೂಕಲು ಬರುವುದಿಲ್ಲ. ಒಳಗೆ ತೆರೆಯುವಂತಿದ್ದರೆ ತೊಂದರೆಯಿಲ್ಲ. ನೋಡಿರಿ, ಬಾಗಿಲು ಎತ್ತ ತೆರೆಯಬೇಕೆಂಬುದೂ ಜೀವದ ಪ್ರಶ್ನೆಯೇ!

ನಾಲ್ಕನೆಯದು ಬೆಚ್ಚನೆಯ ಗಾಳಿ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೂ ಸುಮಾರು 100 ವ್ಯಾಟ್‌ನಷ್ಟು ಶಾಖ ಹೊರಬೀಳುತ್ತದೆ. ಮನೆ ಚಿಕ್ಕದಾಗಿದ್ದು, ಗೋಡೆಗಳು ಶಾಖವನ್ನು ಬಿಟ್ಟುಕೊಡದಂತಿದ್ದರೆ, ಒಳಗಿನವರ ಮೈಶಾಖದಿಂದಲೇ ಕೋಣೆ ಬೆಚ್ಚಗಾಗುತ್ತದೆ. ಆದರೆ ಉಸಿರಾಟಕ್ಕೆ ಗಾಳಿ ಬರುವ ಕಿಂಡಿ ಇರಲೇಬೇಕು.

ಐದನೆಯದು ಬಣ್ಣ. ಮಂಜಿನಲ್ಲಿಯೂ ದೂರದಿಂದ ಕಾಣಲೆಂದು ಅನೇಕ ಆಸರೆಮನೆಗಳಿಗೆ ಕೆಂಪು ಇಲ್ಲವೆ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಕಣ್ಣಿಗೆ ಬೀಳದ ಆಸರೆಮನೆ ಇದ್ದೂ ಇಲ್ಲದಂತೆ.

ಇಂಥ ಕೆಲಸವನ್ನು ವಿದ್ಯಾರ್ಥಿಗಳೂ ಮಾಡಿದ್ದಾರೆ. ಸ್ಲೊವೇನಿಯಾ ದೇಶದ ಸ್ಕೂಟಾ ಶಿಖರದ ಕೆಳಗೆ ಹಳೆಯದೊಂದು ಆಸರೆಮನೆ ಇತ್ತು. ಅದರ ಬದಲು ಹೊಸದು ಬೇಕಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2014ರಲ್ಲಿ ಅದಕ್ಕಾಗಿ ನಕ್ಷೆಗಳನ್ನು ಬರೆದರು. ಸ್ಲೊವೇನಿಯಾದ ವಾಸ್ತುಶಿಲ್ಪಿಗಳು ಅವರಿಗೆ ಮಾರ್ಗದರ್ಶನ ಮಾಡಿದರು. ಮನೆಯನ್ನು ಮೂರು ಭಾಗಗಳಾಗಿ ಮಾಡಿ, 2015ರಲ್ಲಿ ಹೆಲಿಕಾಪ್ಟರಿನಿಂದ ಮೇಲೆ ಒಯ್ದು ಜೋಡಿಸಿದರು. ಅದರಲ್ಲಿ ಎಂಟು ಜನರು ಮಲಗಬಹುದಾಗಿತ್ತು. ಮೂರು ಪದರಿನ ಗಾಜಿನ ಕಿಟಕಿಗಳಿದ್ದುದರಿಂದ ಒಳಗೆ ಬೆಚ್ಚಗೆ ಕುಳಿತು ಹೊರಗಿನ ಪರ್ವತಗಳನ್ನು ನೋಡಬಹುದಾಗಿತ್ತು.

ಬೆಟ್ಟದ ಮೇಲಿನ ಇಂಥ ಪುಟ್ಟ ಮನೆಗಳಿಗೆ ಸಾಮಾನ್ಯವಾಗಿ ಕಾವಲುಗಾರನಿಲ್ಲ, ಬೀಗವಿಲ್ಲ. ರಾತ್ರಿ ಯಾರು ಬರುವರೋ, ಯಾವ ದೇಶದವರೋ ಕಟ್ಟಿದವರಿಗೆ ಗೊತ್ತಿರುವುದಿಲ್ಲ. ಬಂದವರು ಹೋಗುವಾಗ ಕಸವನ್ನು ತಮ್ಮ ಚೀಲದಲ್ಲಿಯೇ ಒಯ್ಯಬೇಕು. ಹೊದಿಕೆಗಳನ್ನು ಮಡಚಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲನ್ನು ಗಟ್ಟಿಯಾಗಿ ಹಾಕಬೇಕು. ಒಬ್ಬರು ಮರೆತು ಬಾಗಿಲು ತೆರೆದಿಟ್ಟು ಹೋದರೆ ಹಿಮವು ಒಳಗೆ ತುಂಬಿ ಹಾಸಿಗೆಗಳ ಮೇಲೆ ಹೆಪ್ಪುಗಟ್ಟುತ್ತದೆ. ನಾಳೆ ನಡುಗುತ್ತ ಬಂದವನಿಗೆ ಮನೆ ಸಿಕ್ಕರೂ ಆಸರೆ ಸಿಗುವುದಿಲ್ಲ. ಮನೆಯನ್ನು ಕಟ್ಟಿದವರು ಕೆಲವರು. ಅದನ್ನು ಉಳಿಸುವವರು ಮಾತ್ರ ಅಲ್ಲಿ ತಂಗಿದ ಪ್ರತಿಯೊಬ್ಬರು.

ಶಬ್ದಾರ್ಥ
ಆಸರೆ – ಆಶ್ರಯ. ಮಾಡು – ಛಾವಣಿ. ಏಣು – ಬೆಟ್ಟದ ಚೂಪಾದ ಅಂಚು. ಹೇಸರಗತ್ತೆ – ಕುದುರೆ ಮತ್ತು ಕತ್ತೆಯಿಂದ ಹುಟ್ಟಿದ ಪ್ರಾಣಿ. ತಂಗು – ಉಳಿದುಕೊಳ್ಳು

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಸೋಲ್ವೆ ಮನೆ ಯಾವ ಶಿಖರದ ಮೇಲೆ ಇದೆ?
2. ಸ್ಕೂಟಾ ಶಿಖರದ ಹೊಸ ಆಸರೆಮನೆಯಲ್ಲಿ ಎಷ್ಟು ಜನರು ಮಲಗಬಹುದಾಗಿತ್ತು?
3. ಆಸರೆಮನೆಗೆ ಕೆಂಪು ಬಣ್ಣವನ್ನು ಏಕೆ ಬಳಿಯುತ್ತಾರೆ?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಆಸರೆಮನೆಯ ಬಾಗಿಲು ಒಳಗೆ ತೆರೆಯುವಂತೆ ಏಕಿರಬೇಕು?
2. ದೊಡ್ಡ ಮನೆಗಿಂತ ಚಿಕ್ಕ ಮನೆ ಬೇಗ ಬೆಚ್ಚಗಾಗುವುದು ಹೇಗೆ?
3. ‘ಉಳಿಸುವವರು ಅಲ್ಲಿ ತಂಗಿದ ಪ್ರತಿಯೊಬ್ಬರು’ ಎಂದು ಏಕೆ ಹೇಳಿದೆ?

ಇ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ಹಗುರ, ಎತ್ತರ, ಒಳಗೆ, ಚಳಿ

ಉಪಕ್ರಮ
ರಟ್ಟಿನಿಂದ ಎರಡು ಪುಟ್ಟ ಮನೆಗಳನ್ನು ಮಾಡಿರಿ. ಒಂದಕ್ಕೆ ಸಪಾಟಾದ ಮಾಡು, ಇನ್ನೊಂದಕ್ಕೆ ಇಳಿಜಾರಾದ ಮಾಡು ಇರಲಿ. ಎರಡರ ಮೇಲೂ ಒಂದೊಂದು ಹಿಡಿ ಒಣ ಉಸುಕನ್ನು ಮೆಲ್ಲಗೆ ಸುರಿಯಿರಿ. ಯಾವುದರ ಮೇಲೆ ಹೆಚ್ಚು ಉಸುಕು ಉಳಿಯಿತು? ವರ್ಗದಲ್ಲಿ ಹೇಳಿರಿ.