ಮಗಳು ಬಿಲ್ ಕೊಟ್ಟರೆ ಅಪ್ಪನಿಗೆ ಹಸಿವಿಲ್ಲ

ಪ್ರಶ್ನೆ: ನಮ್ಮದು ಸೇಡಂ. ಯಜಮಾನ್ರು ವಾಡಿ ಕಡಿ ಸಿಮೆಂಟ್ ಫ್ಯಾಕ್ಟರ್ಯಾಗ ನೌಕರಿ ಮಾಡಿ ರಿಟೈರ್ ಆಗ್ಯಾರ. ಮಗ ಕಲಬುರಗ್ಯಾಗ ಅದಾನ. ಮಗಳು ಹೈದರಾಬಾದಿನಾಗ ಸಾಫ್ಟ್‌ವೇರ್ ಕೆಲಸ ಮಾಡ್ತಾಳ, ಲಗ್ನ ಇನ್ನೂ ಆಗಿಲ್ಲ. ಹೋದ ತಿಂಗಳ ಐತವಾರ ನಮ್ಮಿಬ್ಬರಿಗೂ ತಾನೇ ಟಿಕೆಟ್ ಮಾಡಿಸಿ ಕರೆಸಿಕೊಂಡಳು. ಮುಂಜಾನಿ ಮಾಲ್ ತೋರಿಸಿದಳು. ಮಧ್ಯಾಹ್ನ ಎರಡೂವರಿಗೆ ದೊಡ್ಡ ಹೋಟೆಲಿಗೆ ಹೋದ್ವಿ. ಇವರು ಮೆನು ಕಾರ್ಡ್ ನೋಡಿದವರೇ ‘ನನಗ ಹಸಿವಿಲ್ಲ, ಮೊಸರನ್ನ ಸಾಕು’ ಅಂದ್ರು. ಬಿಲ್ ಬಂದ ಮ್ಯಾಲ ‘ಇಷ್ಟು ರೊಕ್ಕದಾಗ ಮನ್ಯಾಗ ಎಷ್ಟು ದಿನದ ರೊಟ್ಟಿ ಆಗ್ತಿತ್ತು’ ಅಂತ ಎಲ್ಲಾರಿಗೂ ಕೇಳೂ ಹಂಗ ಅಂದ್ರು. ಮಗಳ ಕಣ್ಣಾಗ ನೀರು. ಮಗನ ಜೋಡಿ ಹೋಟೆಲಿಗೆ ಹೋದ್ರ ಬಿಲ್ ಎಷ್ಟಾತು ಅಂತ ಕೇಳೂದೂ ಇಲ್ಲ. ಹರೇದಾಗ ಫ್ಯಾಕ್ಟರಿ ಕೆಲಸಕ್ಕ ಹೋದಾಗ ನಾಂಪಲ್ಲಿಯಾಗ ಇರಾನಿ ಚಾ ಕುಡಿದದ್ದು ಇವತ್ತಿಗೂ ಹೇಳ್ತಿರ್ತಾರ. ಹಂತಾವರು ಹಿಂಗ್ಯಾಕ ಮಾಡಿದ್ರು? ‘ಇನ್ನ ಕರಿಯಂಗಿಲ್ಲ’ ಅಂತಾಳ ಮಗಳು. ನಾ ನಡುವ ಸಿಕ್ಕೀನಿ, ಏನ್ ಮಾಡ್ಲಿ?

ಉತ್ತರ: ಮಗನ ಜೊತೆ ಹೋದರೆ ಬಿಲ್ ಕೇಳುವುದಿಲ್ಲ ಎಂದು ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಗಂಟು ಅಲ್ಲೇ ಇದೆ. ಅವರನ್ನು ಚುಚ್ಚಿದ್ದು ರೊಕ್ಕವಾಗಿದ್ದರೆ ಕಲಬುರಗಿಯ ಹೋಟೆಲಿನಲ್ಲೂ ಚುಚ್ಚಬೇಕಿತ್ತು. ಮಗಳ ದುಡಿಮೆ ಉಣ್ಣಬಾರದು ಎಂಬ ಮಾತನ್ನು ನಮ್ಮ ಭಾಗದ ಗಂಡಸರು ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದಿದ್ದಾರೆ. ಮದುವೆಯಾದ ಮಗಳ ಮನೆಯಲ್ಲಿ ನೀರು ಕುಡಿಯಲೂ ಹಿಂಜರಿಯುತ್ತಿದ್ದ ಹಿರಿಯರನ್ನು ನೀವೂ ಕಂಡಿರುತ್ತೀರಿ. ಹಾಗಾಗಿ ನಿಮ್ಮವರಿಗೆ ಆ ಹೊತ್ತಿನಲ್ಲಿ ನಿಜಕ್ಕೂ ತುತ್ತು ಇಳಿಯದಿರಬಹುದು. ಕಾರಣ ಏನೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ, ಗೊತ್ತಿಲ್ಲದ್ದಕ್ಕೆ ಬೆಲೆಯ ಹೆಸರು ಹೇಳಿದರು.

ಆ ನಂಬಿಕೆ ಸರಿಯಲ್ಲ, ಇದನ್ನು ನಾನು ಮೆತ್ತಗೆ ಹೇಳುವುದಿಲ್ಲ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ತಂದೆತಾಯಿಯರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಮಗ, ಮಗಳು ಇಬ್ಬರನ್ನೂ ಹೊಣೆ ಮಾಡುತ್ತದೆ. ನಾಳೆ ಆಸ್ಪತ್ರೆ ಖರ್ಚು ಬಂದರೆ ಮಗಳು ಕೊಡುತ್ತಾಳೆ, ನೀವು ತೆಗೆದುಕೊಳ್ಳುತ್ತೀರಿ. ಕಷ್ಟಕ್ಕೆ ಒಪ್ಪುವ ರೊಕ್ಕವನ್ನು ಸಂತೋಷಕ್ಕೆ ಒಲ್ಲೆ ಎನ್ನುವುದು ದುಡಿಯುವ ಹುಡುಗಿಗೆ ಮಾಡುವ ಅನ್ಯಾಯ. ಈ ಮಾತನ್ನು ಮನೆಯಲ್ಲಿ, ಇಬ್ಬರೇ ಇದ್ದಾಗ, ಯಜಮಾನರಿಗೆ ಹೇಳಿ. ಮಗಳ ಎದುರಿಗೆ ಬೇಡ, ಮಗನ ಎದುರಿಗಂತೂ ಬೇಡವೇ ಬೇಡ.

ಅವರ ಪರವಾಗಿಯೂ ಒಂದು ಮಾತಿದೆ. ಶಿಫ್ಟಿನ ಗಂಟೆಗೆ ಉಂಡು ಜೀವನ ಸವೆಸಿದ ಮನುಷ್ಯ ಬೆಳಗಿನ ರೈಲಿಗೆಂದು ನಸುಕಿನಲ್ಲೇ ಎದ್ದು ಬಂದು, ಕೂರಲು ತಾವಿಲ್ಲದ ಮಾಲ್‌ನಲ್ಲಿ ಸುತ್ತಿ, ಎರಡೂವರೆಗೆ ಊಟಕ್ಕೆ ಕೂತಿದ್ದಾರೆ. ಆ ಹೊತ್ತಿಗೆ ಯಾರ ತಾಳ್ಮೆಯೂ ಉಳಿದಿರುವುದಿಲ್ಲ. ಮುಂದಿನ ಸಲ ಹನ್ನೆರಡೂವರೆಗೆ ಎಲೆ ಮುಂದೆ ಕೂರಿಸಿ, ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಉಳಿದರ್ಧಕ್ಕೆ ಇರಾನಿ ಚಹಾದ ಮಾತು ಹಿಡಿಯೋಣ. ಮಗಳು ತೋರಿಸಿದ್ದು ಅವಳ ಹೈದರಾಬಾದು. ಅಪ್ಪನದೂ ಒಂದು ಹೈದರಾಬಾದು ಇದೆ, ಅದನ್ನು ಮಗಳು ನೋಡಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ, ಸೇಡಂ ಕಡೆಯವರಿಗೆ ದವಾಖಾನೆಗೂ ಲಗ್ನದ ಬಟ್ಟೆಗೂ ಹೈದರಾಬಾದೇ ಹತ್ತಿರವಾಗಿತ್ತು, 1956ರವರೆಗೆ ಅದು ನಮ್ಮ ರಾಜಧಾನಿಯೂ ಆಗಿತ್ತು. ಮಳಖೇಡದಿಂದ ಆಳಿದ ನೃಪತುಂಗನ ಹೆಸರಿನ ಕನ್ನಡ ಶಾಲೆ ಕಾಚಿಗುಡಾದಲ್ಲಿದೆ. ಇಷ್ಟು ಹಳೆಯ ನಂಟಿರುವ ಊರಿನಲ್ಲಿ ನಿಮ್ಮ ಯಜಮಾನರನ್ನು ಹೊರಗಿನವರ ಹಾಗೆ ಕೂರಿಸಬೇಡಿ, ಆ ದಿನದ ಯಜಮಾನಿಕೆ ಅವರ ಕೈಗೇ ಕೊಡಿ.

ನಾಂಪಲ್ಲಿಗೆ ಹೋಗುವ ರೈಲು ಹಿಡಿಯಿರಿ. ಮಗಳು ಹೈಟೆಕ್ ಸಿಟಿ ಕಡೆಯಿಂದ ಬಂದರೆ ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸಿ ನಾಂಪಲ್ಲಿಗೇ ಇಳಿಯಬಹುದು. ಮೊದಲು ಅಪ್ಪನ ಚಹಾ ಆಗಲಿ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಬಸಿಯಲ್ಲಿ ಸುರಿದು ಆರಿಸಿಕೊಂಡು ಕುಡಿಯುವಾಗ ಅವರು ಹಳೆಯ ಕತೆ ತೆಗೆಯುತ್ತಾರೆ, ತೆಗೆಯಲಿ. ನಂತರ ಆಟೊದಲ್ಲಿ ಸಾಲಾರ್‌ಜಂಗ್ ಮ್ಯೂಸಿಯಂ. ಅಲ್ಲಿ ಅಂಗಳದ ಗಡಿಯಾರದ ಮುಂದೆ ಬೆಂಚುಗಳಿವೆ. ಗಂಟೆ ಹೊಡೆಯುವ ಹೊತ್ತಾದರೆ ಒಳಗಿನಿಂದ ಸಣ್ಣ ಗಡ್ಡದ ಗೊಂಬೆಯೊಂದು ಬಂದು ಎಷ್ಟು ಗಂಟೆಯೋ ಅಷ್ಟು ಸಲ ಬಾರಿಸಿ ಹಿಂದಿರುಗುತ್ತದೆ. ಅದನ್ನು ನೋಡಲು ದೊಡ್ಡವರೂ ಮಕ್ಕಳೂ ಒಟ್ಟಿಗೆ ಕತ್ತು ಚಾಚಿ ಕೂತಿರುತ್ತಾರೆ. ಹನ್ನೆರಡರ ಬಡಿತ ನೋಡಿಕೊಂಡು ಹೊರಟರೆ ಊಟದ ಹೊತ್ತೂ ಸರಿಯಾಗುತ್ತದೆ. ಊಟದ ಜಾಗವನ್ನು ಮಗಳು ಆರಿಸಲಿ, ಬಿಲ್ ಅವಳೇ ಕೊಡಲಿ. ಸಂಜೆ 1935ರ ಕಲ್ಲಿನ ಕಟ್ಟಡ ಮೊಜಂಜಾಹಿ ಮಾರ್ಕೆಟ್‌ನಲ್ಲಿ ಐಸ್‌ಕ್ರೀಮ್, ಅದು ಅಪ್ಪನ ಲೆಕ್ಕಕ್ಕೆ. ಅಲ್ಲಿಂದ ಸ್ಟೇಷನ್ ಹತ್ತಿರವೇ. ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತದೆ, ಅಂದು ಹೋಗಬೇಡಿ.

ಮಗಳು ಊರಿಗೆ ಬಂದಾಗಲೂ ಹೊರಗೆ ಹೋಗಿ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ಇತ್ತು, ಅಲ್ಲಿನ ಶಾಸನದಲ್ಲಿ ಗ್ರಂಥಭಂಡಾರ ನೋಡಿಕೊಳ್ಳುವವರ ಮಾತೂ ಬರುತ್ತದೆ. ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಮಳೆಗಾಲ ಮುಗಿಯುತ್ತಲೇ ಆದರೆ ಚಿಂಚೋಳಿಯ ಕಾಡು, ಚಂದ್ರಂಪಳ್ಳಿ ಜಲಾಶಯ. ಬಿಸಿಲು ನಲವತ್ತು ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಬೇಡ. ಬುತ್ತಿಗೆ ಕಟಿರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಗಟ್ಟಿ ಮೊಸರು. ಆ ದಿನ ಅಪ್ಪ ಉಣಿಸುತ್ತಾನೆ, ಮಗಳು ಉಣ್ಣುತ್ತಾಳೆ. ಹೀಗೆ ಸರದಿ ಬಿದ್ದರೆ ಹೈದರಾಬಾದಿನ ಬಿಲ್ ಅವರಿಗೆ ಅಷ್ಟು ಭಾರ ಅನಿಸದು.

ಮಗಳಿಗೆ ನೀವೇ ಫೋನ್ ಮಾಡಿ. ‘ಅಪ್ಪ ಹಂಗೇ ಅದಾರ, ಬಿಡು’ ಎಂದು ತೇಲಿಸಬೇಡಿ. ಅವಳಿಗೆ ಬಿದ್ದ ಪೆಟ್ಟು ದೊಡ್ಡದು, ಅಪ್ಪ ಅಂದದ್ದು ತಪ್ಪು ಎಂದೇ ಹೇಳಿ. ಆಮೇಲೆ ನಾಂಪಲ್ಲಿಯ ಯೋಜನೆ ತಿಳಿಸಿ.

ಇಷ್ಟೆಲ್ಲ ಆದಮೇಲೂ ಯಜಮಾನರು ಒಲ್ಲೆ ಎಂದರೆ ನೀವೊಬ್ಬರೇ ರೈಲು ಹತ್ತಿ. ನಡುವೆ ಸಿಕ್ಕಿದ್ದೀನಿ ಎನ್ನುತ್ತೀರಿ. ಅವರು ತಿಂದ ಮೊಸರನ್ನ ಪತ್ರದಲ್ಲಿದೆ, ಮಗಳ ಕಣ್ಣೀರೂ ಇದೆ, ಆ ಹೋಟೆಲಿನಲ್ಲಿ ನೀವು ಏನು ತಿಂದಿರಿ ಎಂಬುದು ಮಾತ್ರ ಇಲ್ಲ. ಮಗಳು ನಿಮ್ಮನ್ನೂ ಕರೆದಿದ್ದಳು. ಈ ಸಲ ಮೆನು ಕಾರ್ಡನ್ನು ನೀವು ಕೈಗೆ ತಗೊಳ್ಳಿ, ನಿಮಗೆ ಏನು ಬೇಕೋ ಅದನ್ನು ಹೇಳಿ ತರಿಸಿಕೊಳ್ಳಿ.